ಕಪ್ಪು ಪರದೆಯ ಪಾಠ

ನಮ್ಮ ಕಂಪ್ಯೂಟರ್ ಸರ್ ಅವರ ಅಂಗಿ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಬಣ್ಣ ಬಳಿಯುವ ಸಣ್ಣ ಬ್ರಷ್ ಇರುತ್ತಿತ್ತು. ನಮ್ಮೂರು ತಾವರಗೇರಾದ ಧೂಳು ಕೀಬೋರ್ಡಿಗೆ ಹೊಗಲು ಅವರು ಬಿಡುತ್ತಿರಲಿಲ್ಲ. ಮಾತಾಡುತ್ತಲೇ ಗುಂಡಿಗಳ ಸಂದಿಯಲ್ಲಿ ಬ್ರಷ್ ಆಡಿಸುತ್ತಿದ್ದರು, ಕೂಸಿನ ಕಿವಿ ಒರೆಸುವಷ್ಟು ಮೆಲ್ಲಗೆ.

ಅವರ ತರಬೇತಿ ಕೇಂದ್ರದಲ್ಲಿದ್ದವು ಆರು ಹಳೆಯ ಯಂತ್ರಗಳು, ಯಾವುದೋ ಕಚೇರಿ ಗುಜರಿಗೆ ಹಾಕಿದವು. ಎಲ್ಲಕ್ಕೂ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್. ಬೇರೆಯವರ ಹಾಗೆ ಕಳ್ಳ ವಿಂಡೋಸ್ ಹಾಕಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದೆ. "ಕದ್ದ ಸಾಮಾನಿನ ಮ್ಯಾಲ ಹುಡುಗರಿಗೆ ಏನ್ ಕಲಿಸೂಣು, ತಂಗಿ?" ಎಂದರು. ಅಲ್ಲಿ ಟೈಪಿಂಗ್ ಕಲಿತ ನಾನು ಅಲ್ಲೇ ಟೈಪಿಂಗ್ ಕಲಿಸುವವಳಾದೆ.

ಪಾಠದ ನಡುವೆ ಯಾರೂ ಬಾಯಿ ಹಾಕಬಾರದು, ಒಳಗೂ ಬರಬಾರದು, ಕೈ ಎತ್ತಿ ಕಾಯಬೇಕು. ಇದು ಅವರ ಕಾನೂನು. ಒಮ್ಮೆ ಅವರ ಹೆಂಡತಿಯೇ ಚಹಾ ಹಿಡಿದು ಬಾಗಿಲಲ್ಲಿ ಕೈ ಎತ್ತಿ ನಿಂತಿದ್ದರು. ನಾವು ನಕ್ಕು ನಕ್ಕು ಸುಸ್ತಾಗಿದ್ದೆವು.

ಕೇಂದ್ರಕ್ಕೆ ಬರುವವರೇ ಇಲ್ಲದಂತಾದಾಗ ಒಂದು ಖಾಸಗಿ ಶಾಲೆಯಿಂದ ಅವರಿಗೆ ಕರೆ ಬಂತು. ಕಾಯಂ ನೌಕರಿ. ಆನ್‌ಲೈನಿನಲ್ಲಿ ಅರ್ಧ ಗಂಟೆ ಮಾದರಿ ಪಾಠ ಮಾಡಬೇಕು, ವಿದ್ಯಾರ್ಥಿಯಾಗಿ ಒಬ್ಬರನ್ನು ಕೂಡಿಸಿಕೊಳ್ಳಬಹುದು. ಅವರಿಗೆ ಉಳಿದಿದ್ದ ಆಸೆ ಅದೊಂದೇ. ಹಿಂದಿನ ದಿನ ನಾವಿಬ್ಬರೂ ಒಂದು ಮೀಟಿಂಗ್ ಆ್ಯಪಿನಲ್ಲಿ ತಾಲೀಮು ಮಾಡಿದೆವು, ಎಲ್ಲ ಸರಿಯಿತ್ತು. ಬೆಳಿಗ್ಗೆ ಶಾಲೆಯಿಂದ ಬಂದ ಲಿಂಕ್ ಬೇರೆಯದೇ ಆ್ಯಪಿನದು. ಅದು ಲಿನಕ್ಸಿಗೆ ಸಿಗುವುದೇ ಇಲ್ಲ. "ಬ್ರೌಸರ್‌ನ್ಯಾಗ ಹೋಗ್ತೈತಿ ಬಿಡವ್ವಾ" ಎಂದು ಸರ್ ಮೀಟಿಂಗಿಗೆ ಹೊಕ್ಕರು. ವಿದ್ಯಾರ್ಥಿಯಾಗಿ ನಾನು ಪಕ್ಕದ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತೆ.

ಅವರು ತಮ್ಮ ಪರದೆ ಹಂಚಿಕೊಂಡರು. ನನ್ನ ಮೊಬೈಲಿನಲ್ಲಿ ಅದು ಕಪ್ಪಾಗಿ ಬಂತು. ಬರೀ ಕಪ್ಪು. ದನಿ ಮಾತ್ರ ಸ್ಪಷ್ಟ: "ಇಲ್ಲಿ ನೋಡ್ರಿ, ಈ ಕೆಂಪು ಗೆರಿ ಹೆಂಗ ತಿರುಗ್ತೈತಿ..." ಶಾಲೆಯವರು ಮೈಕ್ ಬಂದ್ ಮಾಡಿಕೊಂಡಿದ್ದರು. "ಪರದೆ ಕಾಣಿಸುತ್ತಿಲ್ಲ" ಎಂದು ಅವರು ಚಾಟಿನಲ್ಲಿ ಬರೆದ ಸಾಲು ಸರ್ ತೆರೆದಿಟ್ಟ ಪಾಠದ ಹಿಂದೆ ಮುಚ್ಚಿಹೋಗಿತ್ತು. ನಾನೇನು ಮಾಡಿದೆ? ಮೊಬೈಲಿನಲ್ಲಿ ಕೈ ಎತ್ತುವ ಗುರುತು ಒತ್ತಿ ಕಾದೆ. ಆಮೇಲೆ ಎದ್ದು ಬಾಗಿಲಿಗೆ ಹೋಗಿ ನಿಜವಾಗಿಯೂ ಕೈ ಎತ್ತಿ ನಿಂತೆ. ಅವರ ಬೆನ್ನು ನನ್ನ ಕಡೆಗಿತ್ತು. ನಾಲ್ಕು ಹೆಜ್ಜೆ ಒಳಗೆ ಹೋಗಿದ್ದರೆ ಸಾಕಿತ್ತು, ಹೋಗಲಿಲ್ಲ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಅರ್ಧ ಗಂಟೆಯಾದದ್ದೇ ಆ ಕಡೆಯವರು ಮೀಟಿಂಗ್ ಮುಗಿಸಿಬಿಟ್ಟರು. ಸರ್ ತಿರುಗಿದಾಗ ಮುಖ ಅರಳಿತ್ತು.

"ಹೆಂಗಿತ್ತವ್ವಾ ಪಾಠ?"

"ಭಾಳ ಛಲೋ ಇತ್ರಿ ಸರ" ಎಂದೆ.

ನೌಕರಿ ಸಿಗಲಿಲ್ಲ. ಕೇಂದ್ರ ಮುಚ್ಚಿತು. ಅವರು ಕಲಿಸಿದ ಟೈಪಿಂಗ್ ನನಗೆ ಕೊಪ್ಪಳದ ಕಚೇರಿಯೊಂದರಲ್ಲಿ ಕೆಲಸ ಕೊಡಿಸಿತು. ಅವರು ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಲಾರಿಗಳ ತೂಕ ಬರೆದುಕೊಳ್ಳಲು ನಿಂತರು. ಒಮ್ಮೆ ಹೋಗಿ ಕಂಡೆ. ಜೇಬಿನಲ್ಲಿ ಪೆನ್ನಿತ್ತು.

"ನನಗ ಪಾಠ ಮಾಡಾಕ ಬರೂದಿಲ್ಲ ತಂಗಿ. ಇಷ್ಟ್ ವರ್ಷ ನನಗ ತಿಳೀಲೇ ಇಲ್ಲ" ಎಂದರು.

ಹೇಳಬೇಕಿತ್ತು. ಅಲ್ರಿ ಸರ, ನಿಮ್ಮ ಪಾಠ ಅವತ್ತು ಯಾರೂ ನೋಡೇ ಇಲ್ಲ ಎಂದು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಭಯ. ಮುಂದಿನ ಸಲ ಹೇಳೋಣವೆಂದು ಬಸ್ ಹತ್ತಿದೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಕೊಡುವಾಗ ಎಲ್ಲರೂ ಮುಂದೆ ಹೋದರು. ನಾನು ಅಲ್ಲಿಯೂ ನಾಲ್ಕು ಹೆಜ್ಜೆ ಹಿಂದೆಯೇ ನಿಂತಿದ್ದೆ.