ದಿಬ್ಬದ ಮೇಲಿನ ಸುಣ್ಣದ ಗೆರೆ

ನಾನು ಇಷ್ಟು ವರ್ಷ ಒಂದು ಜೀವವನ್ನೂ ತೆಗೆಯದೆ ಲಾರಿ ಓಡಿಸಿದ್ದರೆ, ಅದರ ಪುಣ್ಯ ರಾಯಚೂರಿನ ಒಬ್ಬ ಬಳೆ ಮಾರುವ ಮುದುಕಿಗೆ ಸಲ್ಲಬೇಕು.

ಎಂಬತ್ತರ ದಶಕದ ಆರಂಭ. ಮಾನ್ವಿ, ದೇವದುರ್ಗಗಳಿಂದ ರಾಯಚೂರಿಗೆ ಹತ್ತಿ ಹೇರಿಕೊಂಡು ಬರುವುದು ನನ್ನ ಕೆಲಸ. ಊರೊಳಗೆ ಬರುವಾಗ ಒಂದು ಇಳಿಜಾರು, ಅದರ ಬುಡದಲ್ಲಿ ಶಾಲೆ. ದಿಬ್ಬದ ಮೇಲೆ ಗೇರ್ ಬಿಡಿಸಿ ಲಾರಿಯನ್ನು ನ್ಯೂಟ್ರಲ್‌ನಲ್ಲಿ ಇಳಿಯಬಿಟ್ಟರೆ ಡೀಸೆಲ್ ಉಳಿಯುತ್ತಿತ್ತು. ಹಾಗೆ ಮಾಡಿದವನ ಕೀಲಿ ಕಿತ್ತುಕೊಳ್ಳುತ್ತೇನೆ ಎಂದು ಮಾಲೀಕರು ಗದರಿಸಿದ್ದರು. ಆದರೆ ಡೀಸೆಲ್ ಉಳಿಸಿದವನನ್ನು ಹೊಗಳುತ್ತಿದ್ದವರೂ ಅವರೇ. ನನಗೋ ಹೊಗಳಿಸಿಕೊಳ್ಳುವ ಚಟ.

ಒಂದು ಮುಂಜಾನೆ ಹಾಗೆ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ರಸ್ತೆ ದಾಟುತ್ತಿದ್ದ ಮುದುಕಿಯ ಬಳೆಬುಟ್ಟಿಗೆ ಲಾರಿ ತಾಗಿತು. ಆಕೆ ಬಿದ್ದದ್ದು ಕನ್ನಡಿಯಲ್ಲಿ ಕಂಡಿತು, ಎದ್ದು ಕುಳಿತದ್ದೂ ಕಂಡಿತು. ಹೇಡಿ ನಾನು, ಮುಂದೆ ಲಾರಿ ಹಿಡಿತಕ್ಕೆ ಬಂದ ಮೇಲೂ ನಿಲ್ಲಿಸದೆ ಹೋದೆ.

ವಾರದೊಳಗೆ ಶಾಲೆಯ ಅಂಗಳದಲ್ಲಿ ಓಣಿಯವರೆಲ್ಲ ಸೇರಿದರು. ವೇಗ ತಗ್ಗಿಸಲು ರಸ್ತೆಗೆ ಉಬ್ಬು ಎಲ್ಲಿ ಹಾಕಬೇಕೆಂದು ಕೇಳಲು ಎಂಜಿನಿಯರ್ ಬಂದಿದ್ದರು. ಓಡಿಸುವವರನ್ನೂ ಕರೆಯಿರಿ ಎಂದು ಆ ಮುದುಕಿಯೇ ಹಟ ಹಿಡಿದಿದ್ದಳಂತೆ. ಹೀಗಾಗಿ ಮಾಲೀಕರ ಜೊತೆ ನಾನೂ ಹೋದೆ. ಆಕೆಯ ಕೈಗೆ ಕಟ್ಟಿದ್ದ ಪಟ್ಟಿ ನೋಡಿ ಹಿಂದಿನ ಸಾಲಿನಲ್ಲಿ ಕುಳಿತೆ.

"ಸಾಲಿ ಗೇಟಿನ ಮುಂದ ಹಾಕ್ರಿ" ಎಂದರು ಎಲ್ಲರೂ. ಎಂಜಿನಿಯರ್ ಬರೆದುಕೊಳ್ಳತೊಡಗಿದರು. ಆದರೆ ನನಗೆ ಗೊತ್ತಿತ್ತು: ನ್ಯೂಟ್ರಲ್‌ನಲ್ಲಿ ಬಂದ ಲಾರಿ ಅಲ್ಲಿ ನಿಲ್ಲುವುದಿಲ್ಲ, ಉಬ್ಬು ಹಾರಿ ಗೇಟಿಗೇ ನುಗ್ಗುತ್ತದೆ. ಹೇಳಿದರೆ ನನ್ನ ಅನ್ನ ಹೋಗುತ್ತದೆ, ಹೇಳದಿದ್ದರೆ ಮಕ್ಕಳ ಜೀವ.

"ಅಲ್ಲಿ ಬ್ಯಾಡ್ರಿ, ದಿಬ್ಬದ ಮ್ಯಾಲ ಹಾಕ್ರಿ" ಎಂದು ಎದ್ದು ನಿಂತೆ. "ನಾವು ಅಲ್ಲೇ ಗೇರ್ ಬಿಡಸ್ತೀವ್ರಿ. ಕೆಳಗ ಬರೂದ್ರಾಗ ಬ್ರೇಕ್ ಹಿಡಿಯಂಗಿಲ್ಲ. ಮ್ಯಾಲ ಉಬ್ಬಿದ್ರ ಗೇರ್‌ನ್ಯಾಗ ನಿಧಾನ ಇಳೀಬೇಕಾಗತದ." ಆಮೇಲೆ ಮುದುಕಿಯ ಕಡೆ ತಿರುಗಿದೆ. "ಯವ್ವಾ, ನಿನ್ನ ಕೆಡವಿದಾವ ನಾನ."

ಮಾಲೀಕರು ಕೈ ಚಾಚಿದರು. ಕೀಲಿ ಕೊಟ್ಟುಬಿಟ್ಟೆ.

ಮುದುಕಿ ಎದ್ದು ಬಂದಳು. ಬೈಗುಳಕ್ಕೆ ತಲೆ ಬಾಗಿಸಿ ನಿಂತೆ. "ಒಮ್ಮಿ ಹೊಳ್ಳಿ ನೋಡಾಕ ಬರಲಿಲ್ಲೇನು ಬೇಟಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಮಾಲೀಕರಿಗೆ ಹೇಳಿದಳು: "ಸಾವ್ಕಾರ್ರ, ಖರೇ ಹೇಳಿದಾವನ ಕೀಲಿ ಕಸ್ಕೊಂಡು ಸುಳ್ಳ ಹೇಳಾವನ ಕೈಯಾಗ ಕೊಡ್ತೀರೇನ್ರಿ? ನಾಳಿಂದ ನಾ ಯಾರನ್ನ ನಂಬಿ ರಸ್ತಾ ದಾಟಲಿ?"

ಓಣಿಯವರೆಲ್ಲ ಮಾಲೀಕರತ್ತ ತಿರುಗಿದರು. ಅವರು ಕೀಲಿಯನ್ನು ನನ್ನ ಕೈಗೆ ಮರಳಿಸಿದರು. ಉಬ್ಬಿನ ಜಾಗ ಗುರುತಿಸಲು ಎಂಜಿನಿಯರ್ ತಂದಿದ್ದ ಸುಣ್ಣದ ಬುಟ್ಟಿಯನ್ನು ಮುದುಕಿ ನನ್ನ ಕಡೆ ನೂಕಿ, "ನಡಿ, ಎಲ್ಲಿ ಗೇರ್ ಬಿಡಸ್ತಿ ಅಲ್ಲೇ ಗೆರಿ ಹೊಡಿ" ಎಂದಳು.

ಎಲ್ಲರೂ ದಿಬ್ಬ ಹತ್ತಿದೆವು. ಅರ್ಧ ದಾರಿಯಲ್ಲಿ ಆಕೆಗೆ ಏದುಸಿರು ಬಂತು. ಪಟ್ಟಿಯಿಲ್ಲದ ಕೈ ಚಾಚಿ ನನ್ನ ತೋಳು ಹಿಡಿದಳು. ಕೆಡವಿದವನನ್ನೇ ಹಿಡಿದುಕೊಂಡು ಮೇಲೆ ಬಂದಳು.