ರುಕ್ಕು ನಡುಗಿದ ಪಿಕ್ಚರುಗಳು

ದಸರಾ ರಜೆಗೆ ಬಂದಿರುವ ನನ್ನ ಮೊಮ್ಮಗಳು ಈ ತಿಂಗಳು ಪೂರ್ತಿ ದೆವ್ವದ ಸಿನೆಮಾ ನೋಡುತ್ತೇನೆಂದು ಹಟ ಹಿಡಿದು ಕೂತಿದ್ದಾಳೆ. ಪೇಟೆಯಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯಿಂದ ದಿನಕ್ಕೊಂದು ತರುತ್ತಾಳೆ. ಮಧ್ಯಾಹ್ನ ಕಿಟಕಿಗೆಲ್ಲ ಕಂಬಳಿ ಇಳಿಬಿಟ್ಟು ಕತ್ತಲೆ ಮಾಡಿಕೊಂಡು ನೋಡುತ್ತಾಳೆ. ಮುಗಿದ ಮೇಲೆ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ: ಕತೆ ಹೇಗಿತ್ತು, ದೆವ್ವ ಹೇಗಿತ್ತು, ಹೆದರಿಕೆಗೆ ಹತ್ತಕ್ಕೆ ಎಷ್ಟು. ನಿನ್ನೆ ಮಂಚದ ಮೇಲೆ ಬಿಟ್ಟು ಹೋಗಿದ್ದಳು, ತೆಗೆದು ನೋಡಿದೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟ್ರು ಬಂದ ದಿನ ಮಾತ್ರ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ‘ಹೆದರಿಕೆ ಹತ್ತಕ್ಕೆ ಎರಡು. ನಗು ಬಂತು’ ಎಂದು ಬರೆದಿತ್ತು.

ಅಷ್ಟರಲ್ಲಿ ಅವಳೇ ಬಂದಳು. “ಅಜ್ಜೀ, ನೀನು ನೋಡಿದ್ರಲ್ಲಿ ಯಾವ್ದು ಜಾಸ್ತಿ ಹೆದರಿಕೆ ಇತ್ತು?”

“ಮೊದ್ಲು ಹೋಗಿ ಆ ಕಂಬಳಿ ಮಡಚಿಡು,” ಅಂದೆ.

ಕಂಬಳಿ ಮಡಚಲು ಹೋದವಳು ಮತ್ತೆ ಕೇಳಲಿಲ್ಲ. ಮಕ್ಕಳು ಹಾಗೇ, ಕೇಳಿದ್ದನ್ನು ಅರೆಗಳಿಗೆಯಲ್ಲಿ ಮರೆಯುತ್ತಾರೆ. ನಾನು ಮಾತ್ರ ಮರೆಯಲಿಲ್ಲ.

ನಾನು ಮದುವೆಯಾಗಿ ಸಾಗರಕ್ಕೆ ಬಂದಾಗ ಹದಿನೈದು ವರ್ಷ. ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು. ಗಂಡನ ಮನೆಯವರದು ಬಾಸಿಂಗದ ಕಸುಬು. ಗಂಡಸರು ಗಂಧದ ಮರ ಕೆತ್ತುತ್ತಿದ್ದರು, ಹೆಂಗಸರು ಬೆಂಡಿನಲ್ಲಿ ಹೂ ಮಾಡುತ್ತಿದ್ದರು. ಬೆಂಡು ಅಂದರೆ ಕೆರೆಯಲ್ಲಿ ಬೆಳೆಯುವ ಒಂದು ಗಿಡದ ಬಿಳಿ ತಿರುಳು, ಅದನ್ನು ಚೂರಿಯಲ್ಲಿ ಕಾಗದಕ್ಕಿಂತ ತೆಳ್ಳಗೆ ಸುಲಿಯಬೇಕು. ನಮ್ಮಪ್ಪ ಕಸುಬು ಬಿಟ್ಟು ರಿಪ್ಪನ್‌ಪೇಟೆಯ ಒಂದು ಅಂಗಡಿಯಲ್ಲಿ ತಕ್ಕಡಿ ಹಿಡಿದವನು, ಹಾಗಾಗಿ ನನ್ನ ಕೈಗೆ ಆ ವಿದ್ಯೆ ಹತ್ತಿರಲಿಲ್ಲ. ನಾನು ಸುಲಿದದ್ದನ್ನು ಅತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಇದನ್ನ ಮದುಮಗಳ ಹಣೆಗೆ ಕಟ್ಟೋದಾ, ಹುಳಿಗೆ ಹಾಕೋದಾ?” ಅನ್ನುತ್ತಿದ್ದರು. ಕೆಟ್ಟ ಹೆಂಗಸಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ನಾನೂ ಈಗ ಹಾಗೇ ಆಗಿದ್ದೇನೆ, ಸೊಸೆಯನ್ನು ಕೇಳಿ.

ನಾದಿನಿ ರುಕ್ಕುವಿಗೆ ಹದಿನಾಲ್ಕು. ಅವಳ ಕೈ ನೋಡಬೇಕಿತ್ತು ನೀವು. ಮಾತಾಡುತ್ತಾ, ನಗುತ್ತಾ, ಚೂರಿಯ ಕಡೆ ನೋಡದೆ ಸುಲಿಯುತ್ತಿದ್ದಳು. ಬೆಂಡು ಬಾಳೆಯ ಸುಳಿಯ ಹಾಗೆ ಸುರುಳಿ ಬಿಚ್ಚುತ್ತಿತ್ತು. ನಾನು ಕೆಡಿಸಿದ್ದನ್ನೆಲ್ಲ ತನ್ನ ಮಡಿಲಲ್ಲಿ ಬಚ್ಚಿಟ್ಟುಕೊಂಡು, ತಾನು ಮಾಡಿದ್ದರಲ್ಲಿ ಅರ್ಧ ನನ್ನ ಮೊರಕ್ಕೆ ಹಾಕುತ್ತಿದ್ದಳು. “ಅತ್ಗೆ, ಅಮ್ಮ ನೋಡ್ತಿದಾರೆ, ಕೈ ಆಡ್ಸಿ ಸುಮ್ನೆ,” ಅನ್ನುತ್ತಿದ್ದಳು. ಆ ಮನೆಯಲ್ಲಿ ನನ್ನ ಪಾಲಿಗೆ ಅಂತ ಇದ್ದವಳು ಅವಳೊಬ್ಬಳೇ. ತೀರ್ಥಹಳ್ಳಿಯ ಕಡೆ ಗಂಡು ಗೊತ್ತಾಗಿತ್ತು, ತುಳಸಿ ಪೂಜೆ ಕಳೆದ ಮೇಲೆ ಮದುವೆ. ಗೊತ್ತಾದ ಹುಡುಗಿ ಬೀದಿ ಸುತ್ತಬಾರದೆಂದು ಅತ್ತೆ ಅವಳನ್ನು ಜಗಲಿ ಇಳಿಯಲು ಬಿಡುತ್ತಿರಲಿಲ್ಲ.

ಆ ವರ್ಷ ಮಳೆ ಹಿಂದೆಗೆಯುತ್ತಿದ್ದ ಹಾಗೇ ಟೆಂಟು ಸಿನೆಮಾ ಬಂತು. ಟೆಂಟಿನ ಯಜಮಾನನಿಗೆ ಪೂಜೆಗೊಂದು ಸಣ್ಣ ಮಂಟಪ ಬೇಕಾಗಿತ್ತು, ನಮ್ಮನೆಯವರು ಕೆತ್ತಿ ಕೊಟ್ಟರು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಗಂಡ ಹೆಂಡತಿ ಯಾವಾಗ ಬೇಕಾದರೂ ಬಂದು ನೋಡಿ ಅಂದುಬಿಟ್ಟ. ಹೆಂಗಸರ ಕಡೆ, ಅಡ್ಡ ಕಟ್ಟಿದ ಬಟ್ಟೆಯ ಮರೆಯಲ್ಲಿ, ನೆಲದ ಮೇಲೆ ಕೂತು ನೋಡಿದೆ. ರೀಲು ಬದಲಿಸುವಾಗೆಲ್ಲ ದೀಪ ಹಾಕುತ್ತಿದ್ದರು. ಆಗ ಪಕ್ಕದವಳ ಮಗು ನನ್ನ ಸೀರೆ ಒದ್ದೆ ಮಾಡಿದ್ದು ಗೊತ್ತಾಗುತ್ತಿತ್ತು. ಎರಡು ದಿನಕ್ಕೊಂದು ಪಿಕ್ಚರು. ದೇವರ ಪಿಕ್ಚರಿಗೆ ಜನ ಸೇರಲಿಲ್ಲ, ಮಂತ್ರವಾದಿಯದೊಂದು ಹಾಕಿದ, ಟೆಂಟು ಕಿತ್ತುಹೋಗುವಷ್ಟು ಜನ. ಆಮೇಲೆ ನವರಾತ್ರಿಯಿಂದ ದೀಪಾವಳಿಯವರೆಗೆ ಬರೀ ಅಂಥವೇ. ಎಲುಬಿನ ಗೂಡು ನಡೆದು ಬರುವುದು, ರುಂಡ ಮಾತಾಡುವುದು, ಸತ್ತ ಸವತಿ ಸೂರಿನಿಂದ ತಲೆಕೆಳಗಾಗಿ ಇಳಿಯುವುದು.

ಮಾತು ತಮಿಳೋ ಹಿಂದಿಯೋ, ನನಗೊಂದೂ ಅರ್ಥವಾಗುತ್ತಿರಲಿಲ್ಲ. ಮುಖ ನೋಡಿ ಕತೆ ನಾನೇ ಕಟ್ಟಿಕೊಳ್ಳುತ್ತಿದ್ದೆ. ಮಾರನೇ ದಿನ ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಹೆಂಗಸರೆಲ್ಲ ಜಗಲಿಯಲ್ಲಿ ಬೆಂಡು ಹರವಿಕೊಂಡು ಕೂತಾಗ, ರುಕ್ಕು ನನ್ನ ಮೊಣಕಾಲಿಗೆ ಒತ್ತಿಕೊಂಡು “ಹೂಂ, ಹೇಳಿ” ಅನ್ನುವಳು. ಹೇಳುತ್ತಿದ್ದೆ. ಇಲ್ಲದ ಬಾವಿ, ಇಲ್ಲದ ಬೆಕ್ಕು ಎಲ್ಲ ಸೇರಿಸಿ ಹೇಳುತ್ತಿದ್ದೆ. ಕೊನೆಯಲ್ಲಿ ನನ್ನ ತೀರ್ಪು ಬೇರೆ: “ದೆವ್ವ ಅಡ್ಡಿಲ್ಲ. ಕೂದಲು ಮಾತ್ರ ತೆಂಗಿನ ನಾರು, ಗಾಳಿಗೆ ಒಂದು ಎಳೆ ಹಾರಿಹೋಯ್ತು.” ಅಕ್ಕಪಕ್ಕದ ಮನೆಯವರೂ ಬಂದು ಕೂರಲು ಶುರುಮಾಡಿದರು. ಎದುರು ಮನೆಯ ಸುಬ್ಬಕ್ಕ ಅಂತೂ ನನ್ನನ್ನು ಕೇಳದೆ ಪಿಕ್ಚರಿಗೆ ಹೋಗುತ್ತಿರಲಿಲ್ಲ. ಬೆಂಡು ಸುಲಿಯಲು ಬಾರದ ಸೊಸೆಗೆ ಜಗಲಿಯ ನಡುವೆ ಜಾಗ ಸಿಕ್ಕಿತು. ಆ ಜಾಗದ ರುಚಿ ಎಂಥದೆಂದು ಈಗಲೂ ಹೇಳಬಲ್ಲೆ.

ಬಾವಿಯಿಂದ ಹೆಂಗಸು ಎದ್ದು ಬರುವ ಪಿಕ್ಚರು ಹೇಳಿದ ದಿನ ರುಕ್ಕು ನಡುಗಿದಳು. ಮೊದಲು ಭುಜ ಅದುರಿತು, ಆಮೇಲೆ ಹಲ್ಲು ಕಟಕಟ ಅಂದಿತು. ಅವಳ ಚೂರಿ ಜಾರಿ ಬೆಂಡು ಅಡ್ಡಡ್ಡ ಹರಿಯಿತು. ಎಲ್ಲರೂ ನನ್ನನ್ನು ನೋಡಿದರು.

“ಅಯ್ಯಬ್ಬ! ಹುಡ್ಗಿ ಜೀವ ತೆಗೀತೀಯೇನೇ?” ಅಂದಳು ಸುಬ್ಬಕ್ಕ. “ನಾ ಇವತ್ತೇ ಹೋಗ್ತೀನಿ ಮಾರಾಯ್ತಿ ಇದಕ್ಕೆ!”

ಹೋಗಿ ಬಂದು ಮುಖ ಗಂಟು ಹಾಕಿಕೊಂಡಳು. “ಎಂತದೂ ಇಲ್ಲ ಅದ್ರಲ್ಲಿ. ನೀ ಹೇಳಿದ್ದೇ ಚೆನಾಗಿತ್ತು.”

ಅವತ್ತು ನಾನು ಊಟ ಬಡಿಸುವಾಗ ಒಂದು ಸೌಟು ಹೆಚ್ಚಿಗೆ ಬಡಿಸಿದೆ ಎಲ್ಲರಿಗೂ. ಅಷ್ಟು ಉಬ್ಬಿಹೋಗಿದ್ದೆ.

ನಡುವಿನ ದಿನ ರುಕ್ಕು ಚೆನ್ನಾಗಿಯೇ ಇದ್ದಳು. ಅದರ ಮಾರನೇ ದಿನ ಮತ್ತೊಂದು ಪಿಕ್ಚರಿನ ಕತೆ, ಅದೇ ಹೊತ್ತು, ಅದೇ ನಡುಕ. ಮತ್ತೆ ಒಂದು ದಿನ ಬಿಟ್ಟು, ಮತ್ತೆ. ಬೀದಿಯ ಹೆಂಗಸರಿಗೆ ಅದೇ ಅಳತೆಯಾಯಿತು. “ರುಕ್ಕು ನಡುಗಿದ್ಲಾ?” ಅಂತ ಕೇಳುವರು. ನಡುಗಿದರೆ ಪಿಕ್ಚರು ಚೆನ್ನಾಗಿದೆ, ಹೋಗಬಹುದು. ಟೆಂಟಿನವನಿಗೂ ಇದು ಗೊತ್ತಾಗಿ, ನಮ್ಮನೆಯವರ ಹತ್ತಿರ ತಮಾಷೆಗೆ ಕೇಳಿದನಂತೆ.

ನೀವು ಮಲೆನಾಡಿನವರಾದರೆ ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರುತ್ತದೆ. ದಿನ ಬಿಟ್ಟು ದಿನ, ಅದೇ ಹೊತ್ತಿಗೆ, ಚಳಿ. ಮಳೆ ಹೋಗಿ ಬಿಸಿಲು ಬರುವ ಆ ತಿಂಗಳಲ್ಲಿ ನಮ್ಮ ಕಡೆ ಚಳಿಜ್ವರ ಬರದ ಮನೆ ಇರಲಿಲ್ಲ. ನಮ್ಮ ತವರಿನಲ್ಲಿ ನನ್ನ ತಮ್ಮನನ್ನು ಎರಡು ವರ್ಷ ನಾನೇ ಕಂಬಳಿ ಹೊದಿಸಿ ಅದುಮಿ ಹಿಡಿದಿದ್ದೆ. ಗೊತ್ತಿಲ್ಲದವಳಲ್ಲ ನಾನು. ರುಕ್ಕುವಿನ ಉಗುರು ನೀಲಿಗಟ್ಟುವುದನ್ನು ಕಂಡಿದ್ದೆ. ನಡುಕ ನಿಂತ ಮೇಲೆ ಅವಳ ಅಂಗೈ ಕಾದ ಬಾಣಲೆಯ ಹಾಗೆ ಇರುತ್ತಿತ್ತು, ಆಮೇಲೆ ಬೆವರಿ ಕುಪ್ಪಸ ಬೆನ್ನಿಗೆ ಅಂಟುತ್ತಿತ್ತು. ಕೈ ಹಿಡಿದುಕೊಂಡಿದ್ದವಳು ನಾನೇ.

ಒಂದು ದಿನ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದರು. ಕೈಯಲ್ಲಿ ಒಂದು ತಗಡಿನ ಡಬ್ಬಿ. ಅದರಲ್ಲಿ ಕ್ವಿನೈನ್ ಗುಳಿಗೆ ಇತ್ತು. ಯುದ್ಧದಿಂದಾಗಿ ಅದು ಎಲ್ಲೂ ಸಿಗುತ್ತಿರಲಿಲ್ಲ. ನಮ್ಮನೆಯವರಿಗೆ ವರ್ಷ ವರ್ಷ ಚಳಿಜ್ವರ ಬರುತ್ತಿದ್ದದ್ದರಿಂದ, ಮನೆ ನಡೆಸುವ ಮಗನಿಗೆ ಇರಲೆಂದು ಅತ್ತೆ ಕೂಡಿಟ್ಟಿದ್ದರು.

“ನೀನು ಅವಳ ಮಗ್ಗುಲಲ್ಲೇ ಕೂತಿರ್ತೀಯ. ನಿಜ ಹೇಳು. ಅದು ಹೆದರಿಕೆನಾ, ಚಳಿಜ್ವರನಾ? ಜ್ವರ ಆದ್ರೆ ಈಗ್ಲೇ ಕೊಡ್ತೀನಿ.”

ಒಂದು ಮಾತು ಸಾಕಾಗಿತ್ತು. ಹೊರಗೆ ಜಗಲಿಯಲ್ಲಿ ಹೆಂಗಸರು ಬಂದು ಕೂತಿದ್ದರು, ಸುಬ್ಬಕ್ಕನ ದನಿ ಕೇಳುತ್ತಿತ್ತು. ಜ್ವರ ಅಂದರೆ ನನ್ನ ಕತೆಗೆ ಯಾರೂ ಯಾವತ್ತೂ ನಡುಗಿರಲಿಲ್ಲ ಎಂದಾಗುತ್ತಿತ್ತು. ನಾನು ಮತ್ತೆ ಬೆಂಡನ್ನು ಮೂಲಂಗಿಯ ಹಾಗೆ ಹೆಚ್ಚುವ ಸೊಸೆ.

“ಹೆದರಿಕೆನೇ ಅತ್ತೆ,” ಅಂದೆ. “ನಾನು ಹಾಗೆ ಹೇಳ್ತೀನಲ್ಲ, ಅದಕ್ಕೆ.”

ಅತ್ತೆ ಡಬ್ಬಿ ಮುಚ್ಚಿ ಮೇಲಿಟ್ಟರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ರುಕ್ಕುವಿನ ತೋಳಿಗೆ ನೂಲು ಮಂತ್ರಿಸಿ ಕಟ್ಟಿಸಿದರು. ನನಗೆ, “ಇನ್ನು ಈ ಮನೇಲಿ ದೆವ್ವದ ಕತೆ ಬಂದ್,” ಅಂದರು. ನನಗೆ ಬೇಜಾರಾದದ್ದು ಅದಕ್ಕೆ ಮಾತ್ರ.

ಎರಡು ದಿನ ಕಳೆಯಿತು. ಯಾರೂ ಯಾವ ಕತೆಯನ್ನೂ ಹೇಳಲಿಲ್ಲ. ನಾವಿಬ್ಬರೇ ಜಗಲಿಯಲ್ಲಿ ಸುಮ್ಮನೆ ಬೆಂಡು ಸುಲಿಯುತ್ತಾ ಕೂತಿದ್ದೆವು. ಅದೇ ಹೊತ್ತಿಗೆ ರುಕ್ಕು ನಡುಗಿದಳು. ಈ ಸಲ ಗೋಡೆಗೆ ಒರಗಿದರೂ ನಿಲ್ಲಲಿಲ್ಲ. ಹಲ್ಲು ಕಚ್ಚಿಕೊಂಡು ಹೇಳಿದಳು:

“ಅತ್ಗೆ, ಬೇಜಾರು ಮಾಡ್ಕೋಬೇಡಿ. ನಂಗೆ ಒಂದು ಪಿಕ್ಚರಿಗೂ ಹೆದರಿಕೆ ಆಗ್ಲಿಲ್ಲ. ಚಳಿ ಆಗ್ತಿತ್ತು. ನೀವು ಖುಷಿ ಪಡ್ತಿದ್ರಲ್ಲ ಅಂತ ಸುಮ್ನಿದ್ದೆ. ಈಗ ತಡೆಯೋಕಾಗ್ತಿಲ್ಲ. ಅಮ್ಮಂಗೆ ಹೇಳ್ತೀರಾ?”

ಆಗ ನನಗೇನಾಯಿತು ಅಂತ ಹೇಳಿದರೆ ನೀವು ಇಲ್ಲಿಗೇ ಎದ್ದು ಹೋಗಬಹುದು. ನನಗೆ ಕೋಪ ಬಂತು. ಒಂದಕ್ಕೂ ಹೆದರಲಿಲ್ಲವಂತೆ! ಅಷ್ಟು ಹೇಳಿದ್ದೆಲ್ಲ ದಂಡವಂತೆ! “ಸುಮ್ನೆ ಮಲಗೇ,” ಅಂದೆ. ಅತ್ತೆ ಒಳಗಿನಿಂದ, “ಮತ್ತೆ ಎಂತ ಆಯ್ತು ಅವಳಿಗೆ?” ಅಂತ ಕೂಗಿದರು. “ಹಳೇದು ನೆನೆಸ್ಕೊಂಡು ನಡುಗ್ತಿದಾಳೆ,” ಅಂತ ನಾನೇ ಕೂಗಿ ಹೇಳಿದೆ. ರುಕ್ಕು ನನ್ನನ್ನು ನೋಡಿದಳು. ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿದಳು.

ಆ ದಿನ ಸಂಜೆಯೊಳಗೆ ಕೋಪ ಇಳಿಯಿತು. ನಾಳೆ ಬೆಳಿಗ್ಗೆ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಅವಳು ಎದ್ದು ಗಂಜಿ ಕುಡಿದು ಕೂತಿದ್ದಳು. ಕಡಿಮೆಯಾಗಿದೆಯಲ್ಲ, ಇನ್ನೇಕೆ ಅಂದುಕೊಂಡೆ. ಅದರ ಮಾರನೇ ದಿನ ಮಧ್ಯಾಹ್ನ ಬಂದ ಜ್ವರ ತಲೆಗೇರಿತು. ಕಣ್ಣು ಮೇಲೆ ಹೋಯಿತು, ಮಾತು ನಿಂತಿತು. ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದರು.

ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, “ಎಷ್ಟು ದಿನದಿಂದ ಚಳಿ ಬರ್ತಿದೆ? ಕ್ವಿನೈನ್ ಕೊಟ್ರಾ?” ಅಂದರು.

“ಹೆದರಿಕೆ ಅಂದ್ಕೊಂಡ್ವಿ ಸ್ವಾಮಿ,” ಅಂದರು ಅತ್ತೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಸೂಜಿ ಚುಚ್ಚಿದರು. ದೀಪ ಹಚ್ಚುವ ಹೊತ್ತಿಗೆ ರುಕ್ಕು ಹೋದಳು.

ತೀರ್ಥಹಳ್ಳಿಯವರು ಬಂದು ಮಾತಾಡಿಸಿಕೊಂಡು ಹೋದರು. ಅದೇ ಮಾಗಿಯಲ್ಲಿ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು, ಬಾಸಿಂಗ ನಮ್ಮ ಮನೆಯಿಂದಲೇ ಹೋಯಿತು. ಅತ್ತೆ ಮಾಡಿಕೊಟ್ಟರು. ಕಸುಬು ನೋಡಿ.

ಸಾಯುವವರೆಗೂ ಅತ್ತೆ ತಮ್ಮನ್ನೇ ಬೈದುಕೊಂಡರು. “ಡಬ್ಬಿ ಕೈಯಲ್ಲಿತ್ತು, ಕೊಡ್ಲಿಲ್ಲ ನಾನು. ಮಗನಿಗೆ ಅಂತ ಆಸೆ ಮಾಡ್ದೆ,” ಅನ್ನುವರು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಮುಂದಿನ ವರ್ಷ ಅದೇ ತಿಂಗಳಲ್ಲಿ ನನಗೆ ಚಳಿಜ್ವರ ಬಂತು. ಅತ್ತೆ ಒಂದು ಮಾತು ಕೇಳಲಿಲ್ಲ. ಮೊದಲ ನಡುಕಕ್ಕೇ ಆ ಡಬ್ಬಿ ತೆಗೆದು, ಬೆಲ್ಲದಲ್ಲಿ ಸುತ್ತಿ, ಬಾಯಿಗೆ ಹಾಕಿ, ನುಂಗುವವರೆಗೆ ಗಲ್ಲ ಹಿಡಿದುಕೊಂಡಿದ್ದರು. ನುಂಗಿದೆ. ಬದುಕಿದೆ. ನಾಲ್ಕು ಹೆತ್ತೆ. ನಮ್ಮನೆಯವರು ತಂಗಿಯ ಹೆಸರನ್ನು ಮಗಳಿಗೆ ಇಡೋಣ ಅಂದರು, ಬೇಡ ಅಂದೆ. ಏಕೆಂದು ಕೇಳಲಿಲ್ಲ. ಅವರೂ ಹೋಗಿ ಒಂಬತ್ತು ವರ್ಷವಾಯಿತು.

ಇದನ್ನೆಲ್ಲ ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು ಹೇಳಿದೆ. ಯಾಕೆ ಹೇಳಿದೆನೋ. ಎಪ್ಪತ್ತು ಹತ್ತಿರ ಬಂತು, ಇನ್ನು ಹೇಳಲು ಯಾರಿದ್ದಾರೆ. ಅವಳು, “ಆಗ ನೀನೂ ಚಿಕ್ಕೋಳು ತಾನೇ ಅಜ್ಜಿ,” ಅಂದಳು.

“ರುಕ್ಕು ನನಗಿಂತ ಚಿಕ್ಕೋಳು,” ಅಂದೆ.

ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅಂತಾರೆ. ಸುಳ್ಳು. ಆಗುವುದಿಲ್ಲ. ಮಧ್ಯಾಹ್ನ ಅವಳು ಎಂದಿನ ಹಾಗೆ ನನ್ನ ತಟ್ಟೆಯ ಪಕ್ಕ ಊಟಕ್ಕೆ ಕೂರಲಿಲ್ಲ. ಎದುರಿಗೆ, ಸ್ವಲ್ಪ ದೂರ ಕೂತಳು. ಕಣ್ಣೆತ್ತಿ ನೋಡಿದೆ, ಅವಳು ನನ್ನನ್ನೇ ನೋಡುತ್ತಿದ್ದಳು, ಗುರುತಿಲ್ಲದವರನ್ನು ನೋಡುವ ಹಾಗೆ. ನಾನು ತಲೆ ತಗ್ಗಿಸಲಿಲ್ಲ. ನೋಡಲಿ ಅಂತ ಬಿಟ್ಟೆ. ಇಷ್ಟು ವರ್ಷ ಯಾರೂ ಹಾಗೆ ನೋಡಿರಲಿಲ್ಲ. ನೋಡಬೇಕಾಗಿದ್ದವರು ನನ್ನ ಕೈಯಲ್ಲಿ ನೀರು ಕುಡಿದು, ಸೊಸೆ ಒಳ್ಳೆಯವಳು ಅಂದುಕೊಂಡೇ ಹೋದರು.