ಪೆನ್ಕಾಳ ಗಂಡನ ದವಡೆ ಹಲ್ಲು

ಡ್ಯಾನ್ಯೂಬ್ ದಡದ ನಮ್ಮೂರ ಆಸ್ಪತ್ರೆಯಲ್ಲಿ ಹಲ್ಲು ಅಂದರೆ ಪೆನ್ಕಾ. ಅವಳೇನೂ ಡಾಕ್ಟರಲ್ಲ. ಡಾಕ್ಟರುಗಳು ಬರೆದ ರೋಗದ ಹೆಸರನ್ನು ಓದಿ, ಅದಕ್ಕೆ ಲೋಕವೆಲ್ಲ ಒಪ್ಪಿಕೊಂಡಿರುವ ಕೋಡ್ ಹಾಕುವುದು ನಮ್ಮಿಬ್ಬರ ಕೆಲಸ. ಎದೆ, ಹೊಟ್ಟೆ, ಮೂಳೆ ನನ್ನ ಮೇಜಿಗೆ. ಬಾಯಿಗೆ ಸಂಬಂಧಿಸಿದ್ದೆಲ್ಲ ಅವಳ ಮೇಜಿಗೆ. ಹುಳುಕು ಹಲ್ಲಿಗೊಂದು ಕೋಡ್, ಒಸಡಿನ ಊತಕ್ಕೊಂದು, ಹೊರಗೆ ಬರದೆ ದವಡೆಯಲ್ಲೇ ಉಳಿದ ಹಲ್ಲಿಗೆ ಮತ್ತೊಂದು. ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಹಲ್ಲಿನ ಬೇರಿನ ಕೀವು: ಕೆ ಸೊನ್ನೆ ನಾಲ್ಕು, ಚುಕ್ಕೆ ಏಳು. ಅದನ್ನು ಅವಳು ಕೀಲಿಮಣೆ ನೋಡದೆಯೇ ಒತ್ತುತ್ತಿದ್ದಳು. ಒತ್ತುತ್ತಲೇ, ಸುಟ್ಟ ದೊಣ್ಣೆ ಮೆಣಸಿನಕಾಯಿಯ ಸಿಪ್ಪೆ ಹರಿಯದಂತೆ ಬಿಡಿಸುವುದು ಹೇಗೆಂದು ನನಗೆ ಪಾಠ ಹೇಳುತ್ತಿದ್ದಳು.

ಅವಳ ಗಂಡ ಅಸೆನ್ ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸುವವನು. ಸುತ್ತಲ ಹಳ್ಳಿಗಳಲ್ಲಿ ಅವನ ತಂಡ ಬರುವುದಿಲ್ಲವೆಂದರೆ ಮದುವೆ ದಿನವನ್ನೇ ಮುಂದೆ ಹಾಕುತ್ತಿದ್ದರು. ಆ ಬೇಸಿಗೆಯಲ್ಲಿ ಅವನಿಗೆ ಕೆಳಗಿನ ದವಡೆ ಹಲ್ಲು ನೋಯತೊಡಗಿತು. ಕೀಳಿಸಿಕೋ ಎಂದು ಪೆನ್ಕಾ ದಿನಾ ಹೇಳಿದಳು, ಪುಕ್ಕಲ ಎಂದು ಹಂಗಿಸಿದಳು. ಅವನದು ಒಂದೇ ಉತ್ತರ.

"ಹಲ್ಲು ಹೋದ್ರೆ ಬಾಯಿ ಹಿಡಿತಾನೇ ಹೋಗುತ್ತೆ ಕಣೇ. ಆಮೇಲೆ ನಿನ್ನ ಆಸ್ಪತ್ರೆ ಬಾಗಿಲಲ್ಲಿ ಕೂತು ಪೀಪಿ ಊದ್ಲಾ?"

ಮದುವೆ ಕಾಲ ಮುಗಿಯಲಿ ಎಂದ. ಕೆನ್ನೆಯೊಳಗೆ ಒಂದು ಗುಟುಕು ರಾಕಿಯಾ ಸಾರಾಯಿ ಇಟ್ಟುಕೊಂಡು ನೋವು ಮರೆಯುತ್ತಿದ್ದ. ಹಲ್ಲುನೋವು ತಾನೇ ಎಂದು ಅವಳೂ ಸುಮ್ಮನಾದಳು.

ಒಂದು ಶನಿವಾರ ಜ್ವರದಲ್ಲೇ ಮದುವೆಯೊಂದಕ್ಕೆ ನುಡಿಸಿ ಬಂದ. ಬೆಳಿಗ್ಗೆ ಪೆನ್ಕಾ ಅಡುಗೆಮನೆಗೆ ಹೋದರೆ ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಎಂಜಲು ನುಂಗಲಾಗದೆ ಅಂಗಿಯ ಮೇಲೆ ಸುರಿಯುತ್ತಿತ್ತು. ಗದ್ದದ ಕೆಳಗೆ ಮುಟ್ಟಿದಳು, ಹಲಗೆಯಂತೆ ಗಟ್ಟಿ. ಅವನು ಏನೋ ಹೇಳಲು ಹೋದ, ಮಾತೇ ಹೊರಡಲಿಲ್ಲ. ಆಂಬುಲೆನ್ಸಿನಲ್ಲಿ ಉಸಿರೂ ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಕುತ್ತಿಗೆ ಸೀಳಿ ಕೊಳವೆ ಹಾಕಿದರು.

ಸುದ್ದಿ ಕೇಳಿ ನಾನು ಓಡಿದಾಗ ಡಾಕ್ಟರ್ ಕಿರಿಲೋವಾ ಅವಳೊಡನೆ ಮಾತಾಡುತ್ತಿದ್ದರು. ಬೇರಿನ ಕೀವು ನಾಲಿಗೆಯ ಅಡಿಗೆ ಹರಡಿ, ಅಲ್ಲಿಂದ ಕುತ್ತಿಗೆಗೆ, ಈಗ ಎದೆಯೊಳಕ್ಕೆ ಇಳಿದಿದೆ ಎಂದರು.

"ಹಲ್ಲಿಂದಾನಾ?" ಎಂದಳು ಪೆನ್ಕಾ.

ಆ ದಾರಿಯ ಒಂದೊಂದು ಮೆಟ್ಟಿಲಿಗೂ ಇರುವ ಕೋಡ್ ಬಾಯಿಪಾಠವಾಗಿದ್ದ ಹೆಂಗಸು, ಅಂಥದೊಂದು ಇದೆಯೆಂದು ಆಗಷ್ಟೇ ಮೊದಲ ಸಲ ತಿಳಿದವಳಂತೆ ಕೇಳಿದಳು. ಡಾಕ್ಟರು ಹೌದೆಂದರು. ಮಂಗಳವಾರ ಮಧ್ಯಾಹ್ನ ಅಸೆನ್ ತೀರಿಕೊಂಡ.

ಅವಳು ಅಳಲಿಲ್ಲ. ಮಣ್ಣಿಗೆ ಬಂದವರೆಲ್ಲ ಹೃದಯಾಘಾತವಾ ಎಂದು ಕೇಳುವರು. ಹಲ್ಲು ಎಂದರೆ, ದುಃಖದಲ್ಲಿ ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡುವರು. ಮಸಣದ ಗೇಟಿನಲ್ಲಿ ಸತ್ತವನ ಹೆಸರಲ್ಲಿ ಬೇಯಿಸಿದ ಗೋಧಿ ಹಂಚುತ್ತಿದ್ದ ಅವಳ ಅತ್ತೆ ಗೆನಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ನೋಡಮ್ಮ, ಅವನ ಸಾವಿನ ಕಾಗದ ನಿನ್ನ ಕೈಗೇ ಬರುತ್ತಂತೆ. ಹೃದಯ ಅಂತ ಹಾಕ್ಬಿಡು. ಅಷ್ಟೆತ್ತರದ ಗಂಡಸು ಹಲ್ಲುನೋವಿಗೆ ಸತ್ತ ಅಂದ್ರೆ ಊರು ನಗುತ್ತೆ."

ಸತ್ತವರ ವಿಷಯದಲ್ಲಿ, ಎಲ್ಲಕ್ಕೂ ಮೊದಲು ಶುರುವಾದ ರೋಗವನ್ನೇ ಮೂಲ ಕಾರಣವೆಂದು ಹಾಕಬೇಕು. ಕಿರಿಲೋವಾ ಬರೆದದ್ದೂ ಹಾಗೆಯೇ. ಅದನ್ನೇ ಆ ಮುದುಕಿಗೆ ಹೇಳಹೊರಟೆ. ಹಿಂದೆಯೇ ನಿಂತಿದ್ದ ಪೆನ್ಕಾ ಹೇಳಿದಳು:

"ಹಲ್ಲಿಂದಾನೇ ಹೋದ ಅತ್ತೆ. ನನಗೇ ಇನ್ನೂ ನಂಬಕ್ಕಾಗ್ತಿಲ್ಲ. ಅದಕ್ಕೇ ಹಾಗೇ ಬರೀಲಿ."

ಗೆನಾ ಗೋಧಿಯ ಬೋಗುಣಿಯನ್ನು ಅಲ್ಲೇ ಇಟ್ಟು ಹೊರಟುಹೋದಳು. ಚಳಿಗಾಲ ಕಳೆಯುವವರೆಗೂ ಸೊಸೆಯೊಡನೆ ಮಾತು ಬಿಟ್ಟಳು. ಕೋಡ್ ನಾನೇ ಹಾಕಿದೆ. ಮೂರು ಸಲ ತಪ್ಪು ಒತ್ತಿದೆ.

ಪೆನ್ಕಾ ಕೆಲಸಕ್ಕೆ ಮರಳಿದ ಮೇಲೆ ಮೊದಲ ಸಲ ಬೇರಿನ ಕೀವು ಬಂದಾಗ ಅವಳ ಕೈ ನಿಂತಿತು. ಎದ್ದು ನೇರ ವಾರ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ರೋಗಿ ಶಾಲೆಯ ಮೇಷ್ಟ್ರು, ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ಸೂಪು ಕುಡಿಯುತ್ತಿದ್ದರು. ಅವರು ಬಟ್ಟಲು ಖಾಲಿ ಮಾಡುವವರೆಗೂ, ಒಂದೊಂದು ಗುಟುಕು ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಬಂದು ಕೋಡ್ ಒತ್ತಿದಳು.

ವಸಂತದಲ್ಲಿ ಒಂದು ದಿನ ಆಫೀಸಿಗೆ ಗೆನಾಳ ಫೋನು ಬಂತು. ಅಸೆನ್ ತಂಡದಲ್ಲಿ ಡೋಲು ಬಾರಿಸುವ ತೋಶ್ಕೊನ ಕೆನ್ನೆ ಊದಿದೆಯಂತೆ, ಹಲ್ಲಿನ ಡಾಕ್ಟರ ಹತ್ತಿರ ಹೋಗಲಾರೆ ಅನ್ನುತ್ತಿದ್ದಾನಂತೆ, ಬೇಗ ಬಾ ಎಂದು ಸೊಸೆಗೆ ಹೇಳಿದಳು. ನಾವಿಬ್ಬರೂ ಹೋದೆವು. ಆ ಭಾರಿ ಆಳನ್ನು ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದರು. ಅವನ ಹಲ್ಲು ಕಿತ್ತಾದ ಮೇಲೆ ಗೆನಾ ಅದನ್ನು ತೋರಿಸಿ ಎಂದು ಡಾಕ್ಟರನ್ನು ಕೇಳಿದಳು. ತಟ್ಟೆಯಲ್ಲಿದ್ದ ಹಲ್ಲನ್ನು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು.

"ಇಷ್ಟೇನಾ?" ಎಂದಳು.

ಪೆನ್ಕಾ ಅವಳ ಕೈ ಹಿಡಿದುಕೊಂಡಳು. ಆಗ ಇಬ್ಬರೂ ಅತ್ತರು.